ಬರ್ಲಿನ್‌ನಲ್ಲಿ ಎನ್‌ಎಫ್‌ಎಲ್: ಫ್ರಾಂಕ್‌ಫರ್ಟ್‌ ದಾರಿಯಾಗಿ ಒಂದು ನವೆಂಬರ್ ಪ್ರವಾಸ

ಶುಕ್ರವಾರ, ಫ್ರಾಂಕ್‌ಫರ್ಟ್

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 2025ರ ನವೆಂಬರ್ 9ರಂದು ಬರ್ಲಿನ್‌ನಲ್ಲಿ ಒಂದು ಪಂದ್ಯ ಆಡಿಸಿತು. ಇಂಥ ಬರ್ಲಿನ್ ಪಂದ್ಯಕ್ಕೆ ಹೊರಟವರು ಫ್ರಾಂಕ್‌ಫರ್ಟ್‌ನಲ್ಲಿ ಒಂದು ರಾತ್ರಿ ತಂಗಿ ಹೋಗುವುದು ಒಳ್ಳೆಯದು. ಬೆಂಗಳೂರಿನಿಂದ ನೇರ ವಿಮಾನವಿದೆ ಎಂಬುದು ಸಣ್ಣ ಕಾರಣ. ಯುರೋಪಿನಲ್ಲಿ ಅಮೆರಿಕನ್ ಫುಟ್‌ಬಾಲ್ ನಿಜವಾಗಿ ಬೇರು ಬಿಟ್ಟ ಊರುಗಳಲ್ಲಿ ಇದು ಮೊದಲ ಸಾಲಿನದು ಎಂಬುದು ದೊಡ್ಡ ಕಾರಣ. ವಿಮಾನ ನಿಲ್ದಾಣದ ಲಾಕರ್‌ನಲ್ಲಿ ಸಾಮಾನು ಇಟ್ಟು ಎಸ್8 ಅಥವಾ ಎಸ್9 ರೈಲು ಹಿಡಿದರೆ ಎರಡನೇ ನಿಲ್ದಾಣವೇ ಕ್ರೀಡಾಂಗಣದ್ದು.

ನಿಲ್ದಾಣದಿಂದ ಹೊರಬಿದ್ದರೆ ಕಾಡು. ಮಳೆ ಬಂದು ನಿಂತಿತ್ತು. ಬೀಚ್ ಮರಗಳ ಎಲೆ ದಾರಿಯ ತುಂಬ ಅಂಟಿಕೊಂಡು ಕಾಲು ಜಾರುತ್ತಿತ್ತು. ಮರಗಳ ನಡುವೆ ಕ್ರೀಡಾಂಗಣದ ಬಿಳಿ ಚಾವಣಿ ಕಾಣುವವರೆಗೂ ಇಲ್ಲಿ ಐವತ್ತು ಸಾವಿರ ಜನ ಸೇರಬಲ್ಲರು ಎಂದು ಅನಿಸುವುದೇ ಇಲ್ಲ. 2023ರ ನವೆಂಬರ್‌ನಲ್ಲಿ ಒಂದು ವಾರದ ಅಂತರದಲ್ಲಿ ಎರಡು ಎನ್‌ಎಫ್‌ಎಲ್ ಪಂದ್ಯ ಇಲ್ಲಿ ನಡೆದವು. ಚೀಫ್ಸ್ 21-14ರಿಂದ ಡಾಲ್ಫಿನ್ಸ್ ಮೇಲೆ ಗೆದ್ದರೆ, ಕೋಲ್ಟ್ಸ್ 10-6ರಿಂದ ಪೇಟ್ರಿಯಟ್ಸ್ ಮೇಲೆ ಗೆದ್ದಿತು. ಎರಡನೆಯದು ನೀರಸ ಪಂದ್ಯ, ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಟಚ್‌ಡೌನ್ ಒಂದೇ ಒಂದು. ಆದರೂ ಕ್ರೀಡಾಂಗಣ ತುಂಬಿತ್ತು. ಯುರೋಪಿಗೆ ಖಾಯಂ ತಂಡ ಬೇಕೇ ಎಂದು ಟಿಕೆಟ್ ಬೇಡಿಕೆಯ ಚರ್ಚೆ ಮಾಡುವವರು ನೆನಪಿಡಬೇಕಾದ ಪಂದ್ಯ ಅದು.

ಸಂಜೆ ಮೈನ್ ನದಿ ದಾಟಿ ಸಾಕ್ಸನ್‌ಹೌಸನ್‌ಗೆ. ಇಲ್ಲಿನ ಹಳೆಯ ಊಟದ ಮನೆಗಳಲ್ಲಿ ಉದ್ದನೆಯ ಮರದ ಬೆಂಚು. ಗುರುತಿಲ್ಲದವರ ಪಕ್ಕದಲ್ಲೇ ಕೂರಬೇಕು, ಹಾಗಾಗಿ ಮಾತು ತಾನಾಗಿಯೇ ಹುಟ್ಟುತ್ತದೆ. ಮಾಂಸ ತಿನ್ನದವರಿಗೂ ಇಲ್ಲಿ ಚಿಂತೆಯಿಲ್ಲ. ಏಳು ಬಗೆಯ ಸೊಪ್ಪನ್ನು ಹಸಿಯಾಗಿಯೇ ಸಣ್ಣಗೆ ಹೆಚ್ಚಿ, ಹುಳಿ ಕೆನೆಯಲ್ಲಿ ಕಲಸಿ ಮಾಡುವ ಹಸಿರು ಸಾಸ್ ಈ ಊರಿನ ಹೆಮ್ಮೆ. ಬೇಯಿಸಿದ ಆಲೂಗಡ್ಡೆ, ಎರಡು ಹೋಳು ಮಾಡಿದ ಮೊಟ್ಟೆಯ ಜೊತೆ ತಣ್ಣಗೆ ಬಡಿಸುತ್ತಾರೆ. ಸೇಬಿನ ಮದ್ಯವನ್ನು ನೀಲಿ ಚಿತ್ತಾರದ ಬೂದು ಜಾಡಿಯಿಂದ ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸುತ್ತಾರೆ. ಹುಳಿ ಮುಂದಾಗಿರುತ್ತದೆ, ಬೇಕಿದ್ದರೆ ಸೋಡಾ ಬೆರೆಸಿ ಕೊಡುತ್ತಾರೆ.

ಎದುರು ಕೂತಿದ್ದ ಅರವತ್ತು ದಾಟಿದ ಗಂಡಸಿನ ತಲೆಯ ಮೇಲೆ ಫ್ರಾಂಕ್‌ಫರ್ಟ್ ಗ್ಯಾಲಕ್ಸಿಯ ಹಳೆಯ ಟೋಪಿ. 1991ರಲ್ಲಿ ಶುರುವಾದ ವರ್ಲ್ಡ್ ಲೀಗ್, ಮುಂದೆ ಎನ್‌ಎಫ್‌ಎಲ್ ಯುರೋಪ್ ಆದ ಆ ಲೀಗ್‌ನಲ್ಲಿ ಗ್ಯಾಲಕ್ಸಿ ನಾಲ್ಕು ಸಲ ಚಾಂಪಿಯನ್: 1995, 1999, 2003, 2006. ಪಂದ್ಯಕ್ಕೆ ಮೊದಲು ಮೈದಾನದ ಹೊರಗೆ ಗಂಟೆಗಟ್ಟಲೆ ನಡೆಯುತ್ತಿದ್ದ ಹಾಡು-ಕುಣಿತದ ಬಗ್ಗೆ ಅವರು ಹೇಳುವಾಗ ಊಟದ ಮನೆಯ ಗದ್ದಲವೂ ಸಾಲದಾಗಿತ್ತು. 2007ರ ಜೂನ್ 23ರಂದು ಇದೇ ಊರಲ್ಲಿ ಫೈನಲ್. ಹ್ಯಾಂಬರ್ಗ್ ಸೀ ಡೆವಿಲ್ಸ್ 37-28ರಿಂದ ಗ್ಯಾಲಕ್ಸಿಯನ್ನು ಸೋಲಿಸಿತು. ನೋಡಲು ಬಂದವರು 48 ಸಾವಿರಕ್ಕೂ ಹೆಚ್ಚು. ಆರು ದಿನ ಕಳೆದು, ಜೂನ್ 29ರಂದು, ಎನ್‌ಎಫ್‌ಎಲ್ ಆ ಲೀಗನ್ನೇ ಮುಚ್ಚಿತು. ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ನಷ್ಟ ಎಂಬ ಲೆಕ್ಕ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಕೊನೆಯ ಋತುವಿನ ಆರು ತಂಡಗಳಲ್ಲಿ ಐದು ಜರ್ಮನಿಯವೇ, ಆರನೆಯದು ಆಮ್‌ಸ್ಟರ್‌ಡ್ಯಾಮ್‌ನದು. ಲಂಡನ್, ಬಾರ್ಸಿಲೋನಾ, ಸ್ಕಾಟ್‌ಲೆಂಡ್‌ಗಳಲ್ಲಿ ಜನ ಬಾರದೆ ತಂಡಗಳು ಮುಚ್ಚುತ್ತ ಹೋಗಿ ಉಳಿದದ್ದು ಇಷ್ಟು.

ಯುರೋಪಿನಲ್ಲಿ ಖಾಯಂ ಎನ್‌ಎಫ್‌ಎಲ್ ತಂಡ ಬೇಕು ಎನ್ನುವವರಿಗೆ ಆ ಟೋಪಿಯವರ ಉತ್ತರ ಚುಟುಕಾಗಿತ್ತು: ಒಂದು ಫೈನಲ್‌ಗೆ 48 ಸಾವಿರ ಜನ ಬಂದದ್ದನ್ನು ಎಲ್ಲರೂ ನೆನೆಯುತ್ತಾರೆ, ಏಪ್ರಿಲ್‌ನ ಮಳೆಯಲ್ಲಿ ಮಾಮೂಲಿ ಪಂದ್ಯಕ್ಕೆ ಎಷ್ಟು ಜನ ಕೂತಿದ್ದರೆಂದು ಯಾರೂ ಕೇಳುವುದಿಲ್ಲ.

ಶನಿವಾರ, ಬರ್ಲಿನ್ ದಾರಿ

ಫ್ರಾಂಕ್‌ಫರ್ಟ್‌ನಿಂದ ಬರ್ಲಿನ್‌ಗೆ ಐಸಿಇ ಎಂಬ ವೇಗದ ರೈಲಿನಲ್ಲಿ ನಾಲ್ಕು ಗಂಟೆ, ಕೆಲವು ಗಾಡಿಗಳಿಗೆ ಸ್ವಲ್ಪ ಹೆಚ್ಚು. ಪಂದ್ಯಕ್ಕೆ ಹೋಗುವವರಿಗೆ ಕಾಸೆಲ್, ಗೋಟಿಂಗನ್, ವೋಲ್ಫ್ಸ್‌ಬರ್ಗ್ ಮೂಲಕ ಹೋಗುವ ಗಾಡಿಯೇ ಅನುಕೂಲ, ಏಕೆಂದರೆ ಅದು ಊರಿನ ಪಶ್ಚಿಮ ಅಂಚಿನ ಸ್ಪಾಂಡೌದಲ್ಲಿ ನಿಲ್ಲುತ್ತದೆ. ಕ್ರೀಡಾಂಗಣ ಅಲ್ಲಿಂದ ಹತ್ತಿರ, ಕೋಣೆಗಳ ಬಾಡಿಗೆಯೂ ನಡುಪೇಟೆಗಿಂತ ಕಡಿಮೆ. ಟಿಕೆಟ್ ಜೊತೆಗೆ ಸೀಟನ್ನೂ ಕಾದಿರಿಸಬೇಕು. ಇಲ್ಲಿ ರೈಲಿನ ಟಿಕೆಟ್ ಇದ್ದ ಮಾತ್ರಕ್ಕೆ ಕೂರಲು ಜಾಗ ಸಿಕ್ಕಿತೆಂದು ಅರ್ಥವಲ್ಲ. ಪಂದ್ಯದ ಹಿಂದಿನ ದಿನ ಬಾಗಿಲ ಬಳಿ ನಿಂತೇ ಬಂದವರು ಬೋಗಿಗೆ ಹತ್ತಾರು ಮಂದಿ.

ಹೆಸ್ಸೆಯ ಗುಡ್ಡಗಳ ಮೇಲೆ ಮಂಜು ಕೂತಿತ್ತು. ಗೋಟಿಂಗನ್ ದಾಟಿದ ಮೇಲೆ ನೆಲ ಚಪ್ಪಟೆ. ಉತ್ತ ಕಪ್ಪು ಹೊಲ, ಅದರಾಚೆ ಗಾಳಿಯಂತ್ರಗಳ ಸಾಲು. ವೋಲ್ಫ್ಸ್‌ಬರ್ಗ್‌ನಲ್ಲಿ ಎಡಗಡೆಗೆ ಕಾಲುವೆಯಾಚೆ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ನಾಲ್ಕು ಚಿಮಣಿ. ಬೋಗಿಯೊಳಗೆ ಮಾತ್ರ ಬಣ್ಣವೋ ಬಣ್ಣ. ಮರುದಿನ ಆಡಬೇಕಿದ್ದದ್ದು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಮತ್ತು ಅಟ್ಲಾಂಟಾ ಫಾಲ್ಕನ್ಸ್. ಕಣ್ಣಿಗೆ ಬಿದ್ದ ಜರ್ಸಿಗಳಲ್ಲಿ ಪೇಟ್ರಿಯಟ್ಸ್, ಪ್ಯಾಕರ್ಸ್, ಸೀಹಾಕ್ಸ್, ಲಯನ್ಸ್‌ನವೇ ಹೆಚ್ಚು. ಡೆಟ್ರಾಯಿಟ್ ಲಯನ್ಸ್‌ನ ಅಮೊನ್-ರಾ ಸೇಂಟ್ ಬ್ರೌನ್‌ನ ತಾಯಿ ಜರ್ಮನಿಯವರು, ಆತ ಜರ್ಮನ್ ಮಾತಾಡುತ್ತಾನೆ. ಅವನ ಅಂಗಿಗೆ ಇಲ್ಲಿ ವಿಶೇಷ ಮರ್ಯಾದೆ.

ಈ ಹುಚ್ಚು ಎಲ್ಲಿಂದ ಬಂತು ಎಂಬುದಕ್ಕೆ ಗಡಿಯಾರದಲ್ಲೇ ಉತ್ತರವಿದೆ. ಅಮೆರಿಕದ ಪೂರ್ವ ತೀರದಲ್ಲಿ ಭಾನುವಾರ ಮಧ್ಯಾಹ್ನ 1 ಗಂಟೆಗೆ ಶುರುವಾಗುವ ಪಂದ್ಯ ಜರ್ಮನಿಯಲ್ಲಿ ಸಂಜೆ 7ಕ್ಕೆ ಬರುತ್ತದೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಜರ್ಮನಿಯ ಸಾಕರ್ ಲೀಗ್ ಬುಂಡೆಸ್‌ಲೀಗಾದ ಪಂದ್ಯಗಳೂ ಹೆಚ್ಚುಕಡಿಮೆ ಮುಗಿದಿರುತ್ತವೆ, ಹೊರಗೆ ಕತ್ತಲೆ ಮತ್ತು ಚಳಿ. ಆ ಹೊತ್ತಿಗೆ ಕಾಸು ಕೊಡದೆ ನೋಡಬಹುದಾದ ಟಿವಿ ವಾಹಿನಿಯಲ್ಲಿ ವರ್ಷಗಟ್ಟಲೆ ಪಂದ್ಯ ತೋರಿಸಿದರು. ಮೊದಲು ಪ್ರೊಸೀಬನ್ ಬಳಗ, 2023ರಿಂದ ಆರ್‌ಟಿಎಲ್. ಒಂದು ತಲೆಮಾರು ಆ ಆಟ ನೋಡುತ್ತಲೇ ಬೆಳೆಯಿತು.

ವಾಲ್‌ಡಾರ್ಫ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ದಾವಣಗೆರೆಯ ಯುವಕನೊಬ್ಬ ಅದೇ ಬೋಗಿಯಲ್ಲಿದ್ದ. ಕನ್ನಡ ಕಿವಿಗೆ ಬಿದ್ದದ್ದೇ ಎದ್ದು ಬಂದ. ಅವನ ಟಿಕೆಟ್ ಕಥೆ ಇಡೀ ವ್ಯವಸ್ಥೆಯನ್ನೇ ಬಿಡಿಸಿಡುವಂತಿತ್ತು. ಯಾವ ಊರಲ್ಲಿ ಪಂದ್ಯ ಎಂಬುದು ತಿಂಗಳುಗಟ್ಟಲೆ ಮೊದಲೇ ಗೊತ್ತಾಗುತ್ತದೆ. ಎದುರಾಳಿ ಯಾರು, ಯಾವ ದಿನ ಎಂಬುದು ಪೂರ್ತಿ ವೇಳಾಪಟ್ಟಿ ಬರುವ ಮೇ ಹೊತ್ತಿಗೆ ಪಕ್ಕಾ ಆಗುತ್ತದೆ. ಅಷ್ಟರೊಳಗೆ ಲೀಗ್‌ನ ಜಾಲತಾಣದಲ್ಲಿ ‘ಆಸಕ್ತಿ ಇದೆ’ ಎಂದು ಹೆಸರು ಬರೆಸಿದವರಿಗಷ್ಟೇ ಮುಂಗಡ ಮಾರಾಟದ ಮಿಂಚಂಚೆ ಬರುತ್ತದೆ. ಆತಿಥೇಯ ಎಂದು ಹೆಸರಿಸಿದ ತಂಡದ ಸೀಸನ್ ಟಿಕೆಟ್‌ದಾರರಿಗೆ ಒಂದು ಪಾಲು, ಪ್ರಾಯೋಜಕರಿಗೆ ಒಂದು, ಹೋಟೆಲು-ಊಟ ಸೇರಿದ ದುಬಾರಿ ಪ್ಯಾಕೇಜ್‌ಗಳಿಗೆ ಒಂದು. ಇಷ್ಟು ಕಳೆದು ಉಳಿದದ್ದು ಸಾಮಾನ್ಯ ಮಾರಾಟಕ್ಕೆ. ಆನ್‌ಲೈನ್ ಸರದಿಯಲ್ಲಿ ಬೆಳಗಿನ ಜಾವವೇ ಹೋಗಿ ಕೂತರೂ ಉಪಯೋಗವಿಲ್ಲ: ಮಾರಾಟ ತೆರೆದ ಕ್ಷಣದಲ್ಲಿ ಕಾಯುವ ಕೋಣೆಯಲ್ಲಿರುವ ಎಲ್ಲರಿಗೂ ಚೀಟಿ ಎತ್ತಿದಂತೆ ಸಂಖ್ಯೆ ಬೀಳುತ್ತದೆ. ಹದಿನೈದು ನಿಮಿಷ ಮೊದಲು ಒಂದೇ ಖಾತೆಯಿಂದ, ಒಂದೇ ಕಿಟಕಿಯಲ್ಲಿ ಒಳಗಿದ್ದರೆ ಸಾಕು. ಅದೇ ಖಾತೆಯನ್ನು ಹಲವು ಕಿಟಕಿಗಳಲ್ಲಿ ತೆರೆದರೆ ಯಂತ್ರವೆಂದು ಅನುಮಾನಿಸಿ ಹೊರಹಾಕುವ ಸಾಧ್ಯತೆಯೇ ಹೆಚ್ಚು. ಭಾರತದ ಕಾರ್ಡ್ ಬಳಸುವವರು ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಚಾಲೂ ಮಾಡಿಕೊಂಡಿರಬೇಕು. ಒಟಿಪಿ ಬರುವ ಸಿಮ್ ಕೈಯಲ್ಲಿರಬೇಕು. ಬುಟ್ಟಿಗೆ ಬಿದ್ದ ಟಿಕೆಟ್ ಕೈತಪ್ಪುವುದು ಬಹಳ ಸಲ ಇಲ್ಲೇ. ಆ ಹುಡುಗನಿಗೆ ಬೇಸಿಗೆಯಲ್ಲಿ ಸಿಗಲಿಲ್ಲ, ಪಂದ್ಯದ ವಾರ ಅಧಿಕೃತ ಮರುಮಾರಾಟದಲ್ಲಿ ಸಿಕ್ಕಿತು. ಬರಲಾಗದವರು ಬಿಟ್ಟುಕೊಡುವ ಹೊತ್ತು ಅದು. ಹೊರಗಿನ ದಲ್ಲಾಳಿಗಳಿಂದ ಮಾತ್ರ ಕೊಳ್ಳಬಾರದು. ಟಿಕೆಟ್ ಫೋನಿನಲ್ಲೇ ಇರುವುದರಿಂದ ಅದು ನಮ್ಮ ಖಾತೆಗೆ ವರ್ಗವಾಗುವವರೆಗೆ ನಮ್ಮದಲ್ಲ.

ಇನ್ನು ಎಲ್ಲ ಚರ್ಚೆಯಲ್ಲೂ ಬರುವ ಆ ಅಂಕಿ. 2022ರ ನವೆಂಬರ್ 13ರಂದು ಮ್ಯೂನಿಕ್‌ನಲ್ಲಿ ಜರ್ಮನಿಯ ಮೊದಲ ಲೀಗ್ ಪಂದ್ಯ ನಡೆದಾಗ, ಸುಮಾರು 30 ಲಕ್ಷ ಟಿಕೆಟ್ ಮಾರಬಹುದಿತ್ತು ಎಂದು ಮಾರಾಟಗಾರರು ಅಂದಾಜಿಸಿದ್ದರು. ಮೈದಾನದಲ್ಲಿ ಜಾಗ ಇದ್ದದ್ದು ಸುಮಾರು 70 ಸಾವಿರಕ್ಕೆ. ಆ ಅಂಕಿಯನ್ನು ಮುಂದಿಟ್ಟು ‘ಹಾಗಾದರೆ ತಂಡವನ್ನೇ ಕೊಡಿ’ ಎನ್ನುವುದು ಸರಿಯಲ್ಲ. ಒಂದು ಮನೆಯ ನಾಲ್ವರು ನಾಲ್ಕು ಫೋನಿನಲ್ಲಿ ಸರದಿಗೆ ನಿಂತು, ಒಬ್ಬೊಬ್ಬರೂ ನಾಲ್ಕು ಟಿಕೆಟ್ ಕೇಳಿದರೆ ಲೆಕ್ಕಕ್ಕೆ ಹದಿನಾರು ಬೇಡಿಕೆ. ಬೇಕಿದ್ದದ್ದು ನಾಲ್ಕೇ. ಅದಕ್ಕಿಂತ ಮುಖ್ಯವಾದದ್ದು: ವರ್ಷಕ್ಕೊಮ್ಮೆ ಬರುವ ತೇರಿಗೆ ಸುತ್ತ ಹಳ್ಳಿಗಳೆಲ್ಲ ಸೇರುತ್ತವೆ, ಅದೇ ತೇರನ್ನು ವಾರವಾರವೂ ಎಳೆದರೆ ಹಗ್ಗ ಹಿಡಿಯಲು ಅಷ್ಟೇ ಜನ ಬರುತ್ತಾರೆಯೇ? ಬೋಗಿಯಲ್ಲಿದ್ದ ಬಣ್ಣಗಳೇ ಇದಕ್ಕೆ ಸಾಕ್ಷಿ. ಇವರಲ್ಲಿ ಪ್ರತಿಯೊಬ್ಬರಿಗೂ ಆಗಲೇ ಒಂದು ತಂಡವಿದೆ, ಅದು ಬರ್ಲಿನ್‌ನದಲ್ಲ. ‘ಬರ್ಲಿನ್ ತಂಡ’ವೊಂದು ಬಂದರೆ ಸ್ಟುಟ್‌ಗಾರ್ಟ್‌ನ ಪ್ಯಾಕರ್ಸ್ ಅಭಿಮಾನಿ ಅಂಗಿ ಬದಲಿಸುತ್ತಾನೆಂದು ನಂಬಲು ಕಾರಣವೇ ಇಲ್ಲ.

ಸ್ಪಾಂಡೌದಲ್ಲಿ ಇಳಿದಾಗ ನಾಲ್ಕೂವರೆ. ಆಗಲೇ ದೀಪ ಹಚ್ಚಿದ್ದರು. ರಾತ್ರಿ ಊಟಕ್ಕೆ ಕ್ರಾಯ್ಟ್ಸ್‌ಬರ್ಗ್‌ವರೆಗೆ ಹೋದದ್ದು ದೂರವಾದರೂ ಸಾರ್ಥಕ. ಸುಟ್ಟ ಬದನೆ, ಆಲೂಗಡ್ಡೆ, ಮೇಲೆ ಹಿಂಡಿದ ನಿಂಬೆ, ಪುಡಿ ಮಾಡಿದ ಚೀಸ್ ತುಂಬಿದ ರೊಟ್ಟಿ. ಮಾಂಸ ತುಂಬಿದ ಟರ್ಕಿ ಶೈಲಿಯ ರೊಟ್ಟಿ ಮಾರುವ ಡೋನರ್ ಅಂಗಡಿಯಲ್ಲೇ ಮಾಂಸವಿಲ್ಲದೆ ಕಟ್ಟಿಕೊಡುತ್ತಾರೆ. ಖಾರದ ಸಾಸ್ ಕೇಳಿ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ಬೆಳ್ಳುಳ್ಳಿ ಸಾಸ್ ಸುರಿದುಬಿಡುತ್ತಾರೆ.

ಭಾನುವಾರ, ಒಲಿಂಪಿಯಾ ಸ್ಟೇಡಿಯಂ

ನವೆಂಬರ್ 9 ಬರ್ಲಿನ್‌ಗೆ ಸಾಮಾನ್ಯ ದಿನವಲ್ಲ. 1989ರಲ್ಲಿ ಗೋಡೆ ತೆರೆದದ್ದು ಇದೇ ದಿನ. 1938ರಲ್ಲಿ ಯೆಹೂದ್ಯರ ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದದ್ದೂ ಇದೇ ರಾತ್ರಿ. ಬೆಳಿಗ್ಗೆ ಶಾರ್ಲೊಟನ್‌ಬರ್ಗ್‌ನ ಬೀದಿಯೊಂದರಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕಾಲುದಾರಿಯ ಹಿತ್ತಾಳೆ ಕಲ್ಲುಗಳನ್ನು ಉಜ್ಜುತ್ತಿದ್ದರು. ಅಂಗೈಯಗಲದ ಕಲ್ಲು, ಅದರ ಮೇಲೆ ಆ ಮನೆಯಿಂದ ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಕೊಂದ ಊರು. ಪಕ್ಕದಲ್ಲಿ ಗಾಜಿನ ಬಟ್ಟಲಲ್ಲಿ ಮೇಣದ ಬತ್ತಿ, ಒಂದು ಬಿಳಿ ಗುಲಾಬಿ. ಮೈದಾನದತ್ತ ಹೊರಟಿದ್ದ ಕೋಲ್ಟ್ಸ್ ಅಂಗಿಯ ಅಮೆರಿಕನ್ ದಂಪತಿ ನಿಂತು ಇದೇನೆಂದು ಕೇಳಿದರು. ಆಕೆ ಎದ್ದು, ಕೈ ಒರೆಸಿಕೊಂಡು, ಒಂದೊಂದೇ ಹೆಸರನ್ನು ಓದಿ ಹೇಳಿದರು.

ಇಂಡಿಯಾನಾದಿಂದ ಬಂದಿದ್ದ ಆ ದಂಪತಿ ಸೀಸನ್ ಟಿಕೆಟ್‌ದಾರರು. ತಮ್ಮೂರಿನ ಪಂದ್ಯವನ್ನು ಬರ್ಲಿನ್‌ಗೆ ಕೊಟ್ಟದ್ದಕ್ಕೆ ಸಿಟ್ಟಿಲ್ಲವೇ ಎಂದರೆ, ಲೆಕ್ಕ ಹೇಳಿದರು. 2021ರಲ್ಲಿ ಲೀಗ್ 17 ಪಂದ್ಯಕ್ಕೆ ಏರಿದ ಮೇಲೆ, ಲೀಗ್‌ನ ಎರಡು ಬಣಗಳಲ್ಲಿ ಒಂದು ವರ್ಷ ಎಎಫ್‌ಸಿ ತಂಡಗಳಿಗೆ, ಮರುವರ್ಷ ಎನ್‌ಎಫ್‌ಸಿ ತಂಡಗಳಿಗೆ ಒಂಬತ್ತನೇ ತವರು ಪಂದ್ಯ ಸಿಗುತ್ತದೆ. ಹೊರದೇಶಕ್ಕೆ ಹೋಗುವುದು ಬಹುತೇಕ ಆ ಹೆಚ್ಚುವರಿ ಪಂದ್ಯವೇ. 2025 ಎಎಫ್‌ಸಿಯ ಸರದಿ. ಕೋಲ್ಟ್ಸ್‌ಗೆ ಊರಲ್ಲಿ ಎಂಟು ಉಳಿಯಿತು. ಎಂಟಕ್ಕೆ ಕೈ ಹಾಕಿದರೆ ಆಗ ನೋಡಿ ಎಂದರು ಆತ. ಲೀಗ್ ಹೋಗುತ್ತಿರುವ ದಾರಿ ಆ ಕಡೆಗೇ ಇದೆ: 2025ರಲ್ಲಿ ಸಾವೊ ಪಾಲೊ, ಡಬ್ಲಿನ್, ಲಂಡನ್‌ನಲ್ಲಿ ಮೂರು, ಬರ್ಲಿನ್, ಮ್ಯಾಡ್ರಿಡ್ ಸೇರಿ ಏಳು ಪಂದ್ಯ. ಕಮಿಷನರ್ ರೋಜರ್ ಗುಡೆಲ್ ಮಾತಾಡುತ್ತಿರುವುದು ಹದಿನಾರರ ಬಗ್ಗೆ, ಅಂದರೆ ಪ್ರತಿ ತಂಡವೂ ವರ್ಷಕ್ಕೊಮ್ಮೆ ಹೊರದೇಶದಲ್ಲಿ.

ಪಂದ್ಯ ಮಧ್ಯಾಹ್ನ 3.30ಕ್ಕೆ, ಬೆಂಗಳೂರಿನಲ್ಲಿ ಆಗ ರಾತ್ರಿ 8. ಯು2 ಮೆಟ್ರೊ ಪೂರ್ವದ್ವಾರದ ಕಡೆಗೆ, ಎಸ್-ಬಾನ್ ಎಂಬ ನಗರ ರೈಲಿನ ಎಸ್3 ಮತ್ತು ಎಸ್9 ದಕ್ಷಿಣದ್ವಾರದ ಕಡೆಗೆ ಬಿಡುತ್ತವೆ. ಎರಡಕ್ಕೂ ಎಬಿ ವಲಯದ ಟಿಕೆಟ್ ಸಾಕು. ಎ4 ಕಾಗದಕ್ಕಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಬೆನ್ನುಚೀಲ ಹೊತ್ತು ಬಂದ ನಮ್ಮ ಜೊತೆಗಾರರೊಬ್ಬರು ಅದನ್ನು ಹೊರಗೆ ಒಪ್ಪಿಸುವ ಸಾಲಿನಲ್ಲಿ ನಿಂತು ಮೊದಲ ಡ್ರೈವನ್ನೇ, ಅಂದರೆ ಮೊದಲ ದಾಳಿಯ ಸರದಿಯನ್ನೇ, ಕಳೆದುಕೊಂಡರು. ಇನ್ನೊಂದು ಅಪಾಯ ಚಳಿ. ಫೋನಿನ ಬ್ಯಾಟರಿ ಚಳಿಯಲ್ಲಿ ಬೇಗ ಕುಸಿಯುತ್ತದೆ, ಟಿಕೆಟ್ ಅದರಲ್ಲೇ ಇರುತ್ತದೆ. ಗೇಟಿನ ಬಳಿ ಕಪ್ಪು ಪರದೆ ಹಿಡಿದು ಅಳುಮುಖ ಮಾಡಿದ್ದ ಹುಡುಗಿಗೆ ಯಾರೋ ಪವರ್‌ಬ್ಯಾಂಕ್ ಕೊಟ್ಟರು. ಫೋನನ್ನು ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಂಡರೆ ಈ ಪಾಡು ತಪ್ಪುತ್ತದೆ.

1936ರ ಒಲಿಂಪಿಕ್ಸ್‌ಗೆ ಕಟ್ಟಿದ ಕಲ್ಲಿನ ಬಟ್ಟಲಿದು. ಮೈದಾನ ನೆಲಮಟ್ಟಕ್ಕಿಂತ ಕೆಳಗಿದೆ. ದ್ವಾರ ದಾಟಿ ಒಳಹೊಕ್ಕಾಗ ಕಾಲಡಿಯಲ್ಲೇ ಅರ್ಧ ಕ್ರೀಡಾಂಗಣ ಕಾಣುತ್ತದೆ. ಪಶ್ಚಿಮದ ಮ್ಯಾರಥಾನ್ ದ್ವಾರದ ಬಳಿ ಚಾವಣಿ ತುಂಡಾಗಿ ಆಕಾಶ ತೆರೆದಿದೆ. 1990ರ ಆಗಸ್ಟ್ 11ರಂದು ರ್‍ಯಾಮ್ಸ್ ಮತ್ತು ಚೀಫ್ಸ್ ಇಲ್ಲಿ ಪ್ರದರ್ಶನ ಪಂದ್ಯ ಆಡಿದ್ದರು. ಗೋಡೆ ಬಿದ್ದಿತ್ತು, ಎರಡು ಜರ್ಮನಿಗಳು ಒಂದಾಗಲು ಇನ್ನೂ ಸುಮಾರು ಎರಡು ತಿಂಗಳು ಬಾಕಿಯಿತ್ತು.

ಆಸನ ಆರಿಸುವವರು ಗಮನಿಸಬೇಕಾದ ಸಂಗತಿಯೊಂದಿದೆ. ಸಾಕರ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಮೆರಿಕನ್ ಫುಟ್‌ಬಾಲ್‌ಗೆ ಎರಡೂ ತುದಿಯಲ್ಲಿ ಅಂಕ ಗಳಿಸುವ ಜಾಗವಾದ ಎಂಡ್‌ಜೋನ್ ಸೇರಿ ಸುಮಾರು 110 ಮೀಟರ್ ಉದ್ದ ಬೇಕು, ಅಗಲ 49 ಸಾಕು. ಹೀಗಾಗಿ ಪಕ್ಕದ ಗೆರೆ ಇನ್ನೂ ಒಳಗೆ ಸರಿಯುತ್ತದೆ. ಇಲ್ಲಿ ನೀಲಿ ಓಟದ ಪಥವೂ ಸೇರಿ ದೂರ ಹೆಚ್ಚುತ್ತದೆ. ಸಾಲದ್ದಕ್ಕೆ ಎರಡೂ ತಂಡದ ಆಟಗಾರರು, ಕೋಚ್‌ಗಳು, ವೈದ್ಯರು, ಕ್ಯಾಮೆರಾದವರು ಗೆರೆಯುದ್ದಕ್ಕೂ ಗೋಡೆಯಂತೆ ನಿಂತಿರುತ್ತಾರೆ. ಕೆಳಗಿನ ಮುಂದಿನ ಸಾಲುಗಳಿಂದ ಕಾಣುವುದು ಅವರ ಬೆನ್ನು. ಮೇಲಿನ ಸುತ್ತಿನಲ್ಲಿ, ಮೂವತ್ತು-ನಲವತ್ತು ಯಾರ್ಡ್ ಗೆರೆಯ ನೇರಕ್ಕೆ ಕೂತರೆ ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳ ಓಟದ ದಾರಿಯೂ, ರಕ್ಷಣಾ ಸಾಲು ತೆರೆದುಕೊಳ್ಳುವ ಕ್ಷಣವೂ ಸ್ಪಷ್ಟ.

ಮೇಲಿನ ಸುತ್ತಿನಿಂದ ಜೊನಾಥನ್ ಟೇಲರ್‌ನ 83 ಯಾರ್ಡ್ ಓಟವನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಸಾಲಿನಲ್ಲಿ ಬಿರುಕು ಬಿಟ್ಟದ್ದು, ಅವನು ನುಗ್ಗಿದ್ದು, ಮುಂದೆ ಖಾಲಿ ಹುಲ್ಲು ಮಾತ್ರ ಉಳಿದದ್ದು: ಮೂರೂ ಒಂದೇ ಉಸಿರಿನಲ್ಲಿ. ಅಂದು ಅವನದು ಒಟ್ಟು 244 ಯಾರ್ಡ್, ಮೂರು ಟಚ್‌ಡೌನ್. ನಿಗದಿತ ಸಮಯ 25-25ರಲ್ಲಿ ಮುಗಿದು, ಓವರ್‌ಟೈಮ್‌ನಲ್ಲಿ ಅವನದೇ ಓಟದಿಂದ ಕೋಲ್ಟ್ಸ್ 31-25ರಿಂದ ಗೆದ್ದಿತು. ಬಂದವರು 72 ಸಾವಿರಕ್ಕೂ ಹೆಚ್ಚು.

ಸದ್ದಿನ ರೀತಿ ಮಾತ್ರ ಅಮೆರಿಕದಂತಲ್ಲ. ಅಲ್ಲಿ ತಮ್ಮ ತಂಡ ದಾಳಿಯಲ್ಲಿದ್ದಾಗ ದಾಳಿ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಕೂಗು ಕೇಳಲೆಂದು ಜನ ಬಾಯಿ ಮುಚ್ಚುತ್ತಾರೆ, ಎದುರಾಳಿಯ ಥರ್ಡ್ ಡೌನ್‌ಗೆ (ನಾಲ್ಕು ಯತ್ನಗಳಲ್ಲಿ ಮೂರನೆಯದು) ಕಿವಿ ಕಿತ್ತುಹೋಗುವಂತೆ ಅರಚುತ್ತಾರೆ. ಇಲ್ಲಿ ಎರಡೂ ಕಡೆಯ ಒಳ್ಳೆಯ ಆಟಕ್ಕೆ ಸಮ ಚಪ್ಪಾಳೆ. ವಿರಾಮದಲ್ಲಿ ಇಡೀ ಕ್ರೀಡಾಂಗಣ ಒಟ್ಟಾಗಿ ಹಾಡುತ್ತದೆ. ನೋಡಲು ಇದು ಸುಂದರ. ಆದರೆ ತವರು ಎನ್ನುವುದು ಹೀಗಿರುವುದಿಲ್ಲ.

ನಾಲ್ಕೂಕಾಲಿಗೆ ಸೂರ್ಯ ಮುಳುಗಿದ ಮೇಲೆ ಚಳಿ ಆಸನದಿಂದಲೇ ಮೇಲೇರುತ್ತದೆ. ಕೂರಲು ದಪ್ಪ ಬಟ್ಟೆಯೊಂದು, ಎರಡು ಜೊತೆ ಕಾಲುಚೀಲ ಬೇಕೇ ಬೇಕು. ಬಿಸಿ ಪಾನೀಯದ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ಹಿಂದಿರುಗಿಸಿ ಪಡೆಯಬಹುದು. ಪಂದ್ಯ ಮುಗಿದೊಡನೆ ಜನ ಯು2ಗೆ ಮುಗಿಬೀಳುತ್ತಾರೆ. ಇಂಥ ದಿನಗಳಿಗೆಂದೇ ಹೆಚ್ಚುವರಿ ಹಳಿಗಳಿರುವ ಎಸ್-ಬಾನ್ ನಿಲ್ದಾಣದ ಕಡೆ ಹೋದವರು ಬೇಗ ಹೊರಟರು.

ಸೋಮವಾರ, ಟಾಯ್‌ಫೆಲ್ಸ್‌ಬರ್ಗ್

ಕ್ರೀಡಾಂಗಣದ ದಕ್ಷಿಣಕ್ಕೆ ಗ್ರೂನೆವಾಲ್ಡ್ ಕಾಡಿನಲ್ಲಿ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದ ಗುಡ್ಡವಿದೆ. ಯುದ್ಧದಲ್ಲಿ ಉರುಳಿದ ಬರ್ಲಿನ್‌ನ ಇಟ್ಟಿಗೆ, ಕಲ್ಲು ತಂದು ಸುರಿದು ಆದ ಗುಡ್ಡ. ಅದರ ನೆತ್ತಿಯಲ್ಲಿ ಶೀತಲ ಸಮರದ ಕಾಲದ ಅಮೆರಿಕನ್ ಕದ್ದಾಲಿಕೆ ಕೇಂದ್ರದ ಹರಿದ ಗುಮ್ಮಟಗಳು. ಹೀರ್‌ಸ್ಟ್ರಾಸೆ ನಿಲ್ದಾಣದಲ್ಲಿಳಿದು ಕಾಡುದಾರಿಯಲ್ಲಿ ನಡೆದರೆ ಸಾಕು; ಕೆಸರಿಗೆ ಗಟ್ಟಿ ಬೂಟು ಬೇಕು. ಬರ್ಲಿನ್‌ನಲ್ಲಿ ಈ ಆಟ ಬೇರೂರಿದ್ದರಲ್ಲಿ ಇಲ್ಲಿ ನೆಲೆಸಿದ್ದ ಅಮೆರಿಕನ್ ಸೈನಿಕರ ಪಾತ್ರವಿದೆ. 1979ರಲ್ಲಿ ಹುಟ್ಟಿದ ಬರ್ಲಿನ್ ಆಡ್ಲರ್ ಕ್ಲಬ್ ಇವತ್ತಿಗೂ ಮಕ್ಕಳಿಗೆ ತರಬೇತಿ ಕೊಡುತ್ತಿದೆ.

ನಾಯಿಯೊಂದಿಗೆ ಹತ್ತಿ ಬಂದಿದ್ದ ಯುವಕ ಅಂಥದೇ ಕ್ಲಬ್ಬೊಂದರ ಕಿರಿಯರ ಕೋಚ್. ಅವನ ಕೊರಗು ನ್ಯಾಯವಾದದ್ದು: ತನ್ನ ಹದಿನೈದು ವರ್ಷದ ಹುಡುಗರಲ್ಲಿ ಹೆಚ್ಚಿನವರು ಪಂದ್ಯವನ್ನು ಟಿವಿಯಲ್ಲೇ ನೋಡಿದರು, ಮೈದಾನ ಅವರ ಮನೆಯಿಂದ ಮೂರೇ ನಿಲ್ದಾಣ. ಖಾಯಂ ತಂಡ ಬೇಕೇ ಎಂದು ಕೇಳಿದರೆ, ಕೋಚ್ ಆಗಿ ಅವನು ಮೊದಲು ನೋಡಿದ್ದು ಮಂಗಳವಾರದ ಕೆಲಸವನ್ನು. ಮುಂದಿನ ಸಾಲಿನಲ್ಲಿ ಆಡುವ ಒಬ್ಬ ಲೈನ್‌ಮನ್‌ಗೆ ಗಾಯವಾದರೆ ಅಮೆರಿಕದ ತಂಡ ಮಂಗಳವಾರ ನಾಲ್ವರನ್ನು ಕರೆಸಿ ಪರೀಕ್ಷಿಸಿ, ಬುಧವಾರ ಒಬ್ಬನಿಗೆ ಸಹಿ ಹಾಕಿಸುತ್ತದೆ. ಬರ್ಲಿನ್‌ಗೆ ಅವನನ್ನು ಕರೆತರಲು ವಿಮಾನ, ಕೆಲಸದ ಪರವಾನಗಿ, ಲಾಸ್ ಏಂಜಲೀಸ್‌ನವನಾದರೆ ಒಂಬತ್ತು ಗಂಟೆಯ ಕಾಲವ್ಯತ್ಯಾಸ. ಭಾನುವಾರದೊಳಗೆ ಅವನು ಆಡಬೇಕು.

ಆದ್ದರಿಂದ ಹೆಚ್ಚು ಪಂದ್ಯ ಬರಲಿ, ತಂಡ ಬೇಡ. ಬರುವ ಪ್ರತಿ ಪಂದ್ಯದಲ್ಲೂ ಊರಿನ ಕ್ಲಬ್‌ಗಳ ಕಿರಿಯ ಆಟಗಾರರಿಗೆ ಕೈಗೆಟಕುವ ಬೆಲೆಯಲ್ಲಿ ಒಂದು ಪಾಲು ತೆಗೆದಿಡಬೇಕು, ಪ್ಯಾಕೇಜ್‌ಗಳಿಗೆ ತೆಗೆದಿಡುವಷ್ಟೇ ಕಡ್ಡಾಯವಾಗಿ. ಹುಲ್ಲಿನ ಹೊಣೆಯೂ ಲೀಗ್‌ನದೇ ಆಗಬೇಕು. 2018ರಲ್ಲಿ ಮೆಕ್ಸಿಕೊ ಸಿಟಿಯ ಮೈದಾನ ಹಾಳಾಗಿ ರ್‍ಯಾಮ್ಸ್-ಚೀಫ್ಸ್ ಪಂದ್ಯವನ್ನು ಕೊನೆ ಗಳಿಗೆಯಲ್ಲಿ ಲಾಸ್ ಏಂಜಲೀಸ್‌ಗೆ ಒಯ್ದಾಗ, ವಿಮಾನ, ಹೋಟೆಲು ಕಾದಿರಿಸಿದ್ದವರ ಹಣ ನೀರುಪಾಲಾಯಿತು.

ಜರ್ಮನಿಯ ಪಂದ್ಯಗಳಿಗೆ ಲೀಗ್ ಹೇಳಿರುವ ಸರದಿ ಹೀಗಿದೆ: 2026, 2028 ಮ್ಯೂನಿಕ್, 2027, 2029 ಬರ್ಲಿನ್. ಬೆಂಗಳೂರಿನಿಂದ ಮ್ಯೂನಿಕ್‌ಗೂ ನೇರ ವಿಮಾನವಿದೆ. ಷೆಂಗೆನ್ ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ವೇಳಾಪಟ್ಟಿ ಬಂದ ಮೇ ತಿಂಗಳಲ್ಲೇ ಸಂದರ್ಶನದ ದಿನ ಹಿಡಿದರೆ, ಟಿಕೆಟ್ ಸಿಕ್ಕ ಮೇಲೆ ಒದ್ದಾಡುವುದು ತಪ್ಪುತ್ತದೆ. ಮ್ಯೂನಿಕ್‌ನಲ್ಲಿ ಯು6 ಮೆಟ್ರೊ ಹಿಡಿದು ಫ್ರೋಟ್‌ಮಾನಿಂಗ್‌ನಲ್ಲಿ ಇಳಿಯಬೇಕು. ನಿಲ್ದಾಣದಿಂದ ಮೈದಾನಕ್ಕೆ ಬಯಲಿನಲ್ಲಿ ಹತ್ತು-ಹದಿನೈದು ನಿಮಿಷದ ನಡಿಗೆ, ಗಾಳಿಗೆ ಮರೆ ಇಲ್ಲ.